ಆ 6 ಸೆಕೆಂಡಿನ ಶಾಟ್‌ಗೆ ಎಷ್ಟು ವಯಸ್ಸು?

ಪ್ರಿಯ ಓದುಗರೇ (ಹೆಸರು ಹಾಕಬೇಡಿ ಅಂದಿದ್ದೀರಿ, ಆಗಲಿ),

ಪತ್ರದ ಜೊತೆ ಕಳಿಸಿದ ನಿಮ್ಮ ಕಿರುಚಿತ್ರವನ್ನು ಎರಡು ಸಲ ನೋಡಿದೆ. 8 ನಿಮಿಷದ ಥ್ರಿಲ್ಲರ್. ಮನೆಯಲ್ಲಿ ಹುಡುಗಿ ಒಬ್ಬಳೇ, ಬಾಗಿಲು ಬಡಿಯುವ ಸದ್ದು, ಕೊನೆಗೆ ಒಂದು ಚಾಕು. ಇದನ್ನು ನೋಡೋಕೆ ಕನಿಷ್ಠ ಎಷ್ಟು ವಯಸ್ಸಾಗಿರಬೇಕು ಅಂದರೆ, ನಾಲ್ವರ ತಂಡದಲ್ಲಿ ಇಬ್ಬರು 15 ಅನ್ನುತ್ತಾರೆ, ಒಬ್ಬರು 12. ನಿರ್ದೇಶಕರಿಗೆ ಮಾತ್ರ 18 ಹಾಕಿದರೇನೇ ಗತ್ತು. ಯಾವುದು ಸರಿ, ಮೇಷ್ಟ್ರಿಗೆ ಏನಂತ ಕಾರಣ ಬರೆದು ಕೊಡೋದು ಅಂತ ಕೇಳಿದ್ದೀರಿ.

ಮೊದಲು ನಿರ್ದೇಶಕರಿಗೆ ಹೇಳಿಬಿಡಿ. ನಿಮಗೆಲ್ಲ ಇನ್ನೂ 17 ಅಂತ ಪತ್ರದಲ್ಲೇ ಇದೆ. 18 ಹಾಕಿದರೆ ನಿಮ್ಮ ಸಿನಿಮಾನ ನೀವೇ ನೋಡೋ ಹಾಗಿಲ್ಲ!

ನೀವು ಹೇಳುವ 12, 15, 18 ಸಿನಿಮಾಗಳಿಗೆ ವಯಸ್ಸಿನ ಗುರುತು ಕೊಡುವ ಬ್ರಿಟನ್ನಿನ ಬಿಬಿಎಫ್‌ಸಿ ಮಂಡಳಿಯವು. ಮೇಷ್ಟ್ರಿಗೆ ಕೊಡುವ ಟಿಪ್ಪಣಿಯಲ್ಲಿ ಅದನ್ನು ಬರೆಯಿರಿ. ಅಮೆರಿಕದಲ್ಲಿ ಪಿಜಿ-13, ಆರ್ ಅಂತೆಲ್ಲ ಇವೆ. ಭಾರತದಲ್ಲಿ 2024ರಿಂದ ಯುಎ (ಪೋಷಕರ ಮಾರ್ಗದರ್ಶನ ಬೇಕು ಅನ್ನುವ ಗುರುತು) ಒಳಗೇ 7, 13, 16 ಅಂತ ಮೂರು ಮೆಟ್ಟಿಲು. ಮಂಡಳಿಯ ಹೆಸರಿಲ್ಲದೆ ಸುಮ್ನೆ 15 ಅಂದರೆ ಅರ್ಥವಿಲ್ಲ.

‘ನಮ್ಮ ಪ್ರೇಕ್ಷಕರು ಹದಿಹರೆಯದವರು, ಆದ್ದರಿಂದ 15’ ಅಂತ ಬರೆದಿದ್ದೀರಲ್ಲ, ಎಡವಿದ್ದು ಅಲ್ಲೇ. ಯಾರಿಗಾಗಿ ತೆಗೆದಿರಿ ಅನ್ನೋದೊಂದರಿಂದಲೇ ಮಂಡಳಿ ತೀರ್ಮಾನಿಸೋದಿಲ್ಲ. ತೆರೆಯ ಮೇಲೆ ಏನು ಕಾಣುತ್ತೆ, ಏನು ಕೇಳಿಸುತ್ತೆ, ಎಷ್ಟು ಹೊತ್ತು ಅಂತ ಮುಖ್ಯವಾಗಿ ನೋಡುತ್ತೆ.

ಚಾಕುವಿನ ದೃಶ್ಯವನ್ನೇ ತಗೊಳ್ಳಿ. ಇರಿಯುವಾಗ ಗೋಡೆಯ ಮೇಲೆ ನೆರಳು ಮಾತ್ರ. ಅಲ್ಲಿಗೇ ನಿಲ್ಲಿಸಿದ್ದರೆ 12ರ ವಾದ ಗೆಲ್ಲುತ್ತಿತ್ತೇನೋ. 12ರಲ್ಲಿ ಮಧ್ಯಮ ಮಟ್ಟದ ಹಿಂಸೆಗೆ ಜಾಗವಿದೆ, ಗಾಯ, ರಕ್ತವನ್ನು ಒತ್ತಿ ತೋರಿಸಬಾರದು ಅಷ್ಟೇ. ಆದರೆ ಮುಂದಿನ ಶಾಟ್? ನಲ್ಲಿಯ ಕೆಳಗೆ ಅವಳ ಕೈ. ಉಗುರಿನ ಸಂದಿಯ ರಕ್ತ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಸಿಂಕ್ ನಿಧಾನಕ್ಕೆ ಕೆಂಪಾಗುತ್ತೆ. 6 ಸೆಕೆಂಡ್ ಕ್ಯಾಮೆರಾ ಅಲ್ಲಾಡೋದಿಲ್ಲ. ಅದಕ್ಕೂ ಮೊದಲು 5 ನಿಮಿಷ ಬಿಡದೆ ಹೆದರಿಸಿದ್ದೀರಿ. ಹಾಗೆ ಎಳೆದು ಹೆದರಿಸೋದು 12ಕ್ಕೆ ಜಾಸ್ತಿ ಆಗುತ್ತೆ. ಹಾಗಂತ 18 ಅಲ್ಲ. ಗಾಯದ ವಿವರವಿಲ್ಲ, ನೋವನ್ನು ಚಪ್ಪರಿಸಿಲ್ಲ. 15 ಸರಿ. ಕಾರಣ ಮಾತ್ರ ನಿಮ್ಮದಲ್ಲ.

3ನೇ ನಿಮಿಷದ ಬೈಗುಳದ ಚಿಂತೆ ಬಿಡಿ. ಒಂದೇ ಸಲ ಬಂದಿದೆ, ಅದರಿಂದ 15 ಬದಲಾಗೋದಿಲ್ಲ.

ಸಿಂಕ್ ಶಾಟ್ ಕತ್ತರಿಸಿ 12ಕ್ಕೆ ಇಳಿಸೋಣವೇ ಅಂತಲೂ ಕೇಳಿದ್ದೀರಿ. ಬೇಡ. ಇಡೀ ಸಿನಿಮಾದಲ್ಲಿ ನನಗೆ ನೆನಪುಳಿದದ್ದು ಅದೊಂದೇ (ಆ ಡ್ರೋನ್ ಶಾಟ್ ಬೇಕಾದರೆ ಕತ್ತರಿಸಿ).

ಇನ್ನೊಂದು ವಿಷಯ. ಪೋಸ್ಟರ್‌ನಲ್ಲಿ ಬಿಬಿಎಫ್‌ಸಿಯ ಮುದ್ರೆಯನ್ನೇ ಅಂಟಿಸಿದ್ದೀರಿ. ಮಂಡಳಿ ನೋಡದ ಚಿತ್ರಕ್ಕೆ ಅದರ ಮುದ್ರೆ ಹಾಕೋದು ತಪ್ಪು. ತೆಗೆದು, ‘15 ತುಂಬಿದವರಿಗೆ ಸೂಕ್ತ ಎಂದು ನಮ್ಮ ಅಂದಾಜು’ ಅಂತ ಸಾದಾ ಅಕ್ಷರದಲ್ಲಿ ಬರೆಯಿರಿ. ಮೇಷ್ಟ್ರಿಗೆ ಕೊಡುವ ಹಾಳೆಯಲ್ಲಿ ಸಿಂಕ್ ಶಾಟ್ ಎಷ್ಟನೇ ನಿಮಿಷದಲ್ಲಿ ಬರುತ್ತೆ ಅನ್ನೋದನ್ನೂ ಹಾಕಿ. ಅವರು ನೇರ ಅಲ್ಲಿಗೇ ಹೋಗಿ ನೋಡಲಿ.

— ಸಂಪಾದಕ