ಕೊರೊನಾ ಬಂದು ಹೋಯಿತು, ಈಗ ಫ್ಲೂ ಸೂಜಿ ಬೇಕಾ?

ಪ್ರಶ್ನೆ: ನನಗೀಗ ಏಳನೇ ತಿಂಗಳು, ಚೊಚ್ಚಲ ಬಸಿರು. ಐದನೇ ತಿಂಗಳಲ್ಲಿ ಕೊರೊನಾ ಬಂದು ಮೂರು ದಿನ ಜ್ವರ ಇತ್ತು, ಮನೆಯಲ್ಲೇ ವಾಸಿಯಾಯಿತು. ಈಗ ಡಾಕ್ಟರು ಫ್ಲೂ ಇಂಜೆಕ್ಷನ್ ತಗೊಳ್ಳಿ ಅಂತಿದ್ದಾರೆ. "ಆಗಲೇ ಎರಡು ಸೂಜಿ ಆಗಿದೆ, ನಾವೇನು ಇದೆಲ್ಲ ಹಾಕಿಸಿಕೊಂಡು ಹೆತ್ತೆವಾ?" ಅನ್ನುತ್ತಾರೆ ಅತ್ತೆ. ಮಗುವಿಗೆ ಏನಾದರೂ ತೊಂದರೆ ಆದೀತಾ?
– ಓದುಗರು, ಹಾಸನ

ಉತ್ತರ: ನಿಮ್ಮ ಅತ್ತೆಯವರ ಮಾತನ್ನು ಓಪಿಡಿಯಲ್ಲಿ ದಿನಾ ಕೇಳುತ್ತೇನೆ. ಆ ಎರಡು ಸೂಜಿ ಯಾವುದು ಅಂತ ತಾಯಿ ಕಾರ್ಡ್ ತೆಗೆದು ನೋಡಿ. ಟಿಡಿ ಅಂತ ಬರೆದು ತಾರೀಖು ಹಾಕಿರುತ್ತಾರೆ. ಅದು ಧನುರ್ವಾಯು ಮತ್ತು ಗಂಟಲಮಾರಿಗೆ. ಫ್ಲೂ ತಡೆಯಲು ಅದು ಬಾರದು. ಕೊರೊನಾ ಬಂದು ಹೋದದ್ದೂ ಅಷ್ಟೆ. ಜ್ವರ, ಕೆಮ್ಮು, ಮೈಕೈ ನೋವು ಒಂದೇ ಥರ ಇದ್ದರೂ ಎರಡೂ ವೈರಸ್ ಬೇರೆ ಬೇರೆ.

ತಿಂಗಳು ತುಂಬುತ್ತಾ ಬಂದಂತೆ ಗರ್ಭ ಮೇಲಕ್ಕೆ ಒತ್ತುತ್ತದೆ, ಶ್ವಾಸಕೋಶಕ್ಕೆ ಜಾಗ ಕಡಿಮೆಯಾಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಅಲ್ವಾ? ಅದರ ಮೇಲೆ ಫ್ಲೂ ಬಂದರೆ ನ್ಯುಮೋನಿಯಾ ಆಗುವ ಭಯ ಜಾಸ್ತಿ. 2009ರಲ್ಲಿ ಹಂದಿಜ್ವರ ಹಬ್ಬಿದಾಗ ಬಸುರಿಯರು ಹೆಚ್ಚು ಕಷ್ಟಪಟ್ಟದ್ದು ಇದಕ್ಕೇ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಕಾರಣ ನಿಮ್ಮ ಮಗು. ಆರು ತಿಂಗಳು ತುಂಬುವವರೆಗೆ ಮಗುವಿಗೆ ಫ್ಲೂ ಲಸಿಕೆ ಕೊಡುವಂತಿಲ್ಲ. ಈಗ ನಿಮ್ಮ ರಟ್ಟೆಗೆ ಅರ್ಧ ಎಂಎಲ್ ಹಾಕಿದರೆ, ಸುಮಾರು ಎರಡು ವಾರದಲ್ಲಿ ರೋಗ ತಡೆಯುವ ಶಕ್ತಿ ಬರುತ್ತದೆ. ಮಾಸಿನ ಮೂಲಕ ಅದು ಮಗುವಿಗೂ ಇಳಿಯುತ್ತದೆ, ಹುಟ್ಟಿದ ಮೇಲೂ ಕೆಲವು ತಿಂಗಳು ಕಾಯುತ್ತದೆ. ನಾಮಕರಣಕ್ಕೆ ಬಂದವರೆಲ್ಲ ಮಗುವನ್ನು ಎತ್ತಿ ಮುದ್ದಾಡುತ್ತಾರೆ. ಅವರಲ್ಲಿ ಒಬ್ಬರಿಗಾದರೂ ಮೂಗು ಸೋರುತ್ತಿರುತ್ತದೆ. ಬೇಡ ಅನ್ನೋಕಾಗುತ್ತಾ?

ಸೂಜಿಯಲ್ಲಿರುವುದು ಸತ್ತ ವೈರಸ್. ಅದರಿಂದ ಫ್ಲೂ ಬರುವುದಿಲ್ಲ. ಯಾವ ತಿಂಗಳಲ್ಲಾದರೂ ಹಾಕಿಸಬಹುದು. ಒಂದೆರಡು ದಿನ ತೋಳು ನೋಯಬಹುದು, ಮೈ ಸ್ವಲ್ಪ ಬಿಸಿಯಾಗಬಹುದು, ಪ್ಯಾರಾಸಿಟಮಾಲ್ ಸಾಕು. ಮೂಗಿಗೆ ಸಿಂಪಡಿಸುವ ಲಸಿಕೆಯೊಂದಿದೆ, ಅದು ಮಾತ್ರ ಬೇಡ, ಅದರಲ್ಲಿ ಜೀವಂತ ವೈರಸ್ ಇರುತ್ತದೆ. ಹಾಕಿಸುವ ದಿನ ಜ್ವರ ಇದ್ದರೆ ಇಳಿದ ಮೇಲೆ ಹೋಗಿ. ಹಿಂದೆ ಯಾವುದಾದರೂ ಲಸಿಕೆಗೆ ಜೋರಾಗಿ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ.

ಟಿಡಿ ಥರ ಇದು ರಾಷ್ಟ್ರೀಯ ಲಸಿಕೆ ಪಟ್ಟಿಯಲ್ಲಿಲ್ಲ. ಹಾಗಾಗಿ ಸಾಮಾನ್ಯವಾಗಿ ದುಡ್ಡು ಕೊಟ್ಟೇ ಹಾಕಿಸಬೇಕು. ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯನ್ನೂ ವರ್ಷವರ್ಷ ಹೊಸದಾಗಿ ಮಾಡುತ್ತಾರೆ. "ಇದು ಈ ವರ್ಷದ್ದಾ?" ಅಂತ ಕೇಳಿ, ಡಬ್ಬಿ ಮೇಲಿನ ತಾರೀಖು ನೋಡಿ. ಸಂಕೋಚ ಬೇಡ, ಕೇಳಿದರೆ ನಮಗೆ ಬೇಜಾರಿಲ್ಲ.

ಇನ್ನು ಬಂದು ಹೋದ ಕೊರೊನಾ. ಹೊಟ್ಟೆಯೊಳಗಿನ ಮಗುವಿಗೆ ಅದು ಅಂಟುವುದು ಅಪರೂಪ. ತಾಯಿಗೆ ಕಾಯಿಲೆ ಜೋರಾದಾಗ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಹೆಚ್ಚುತ್ತದೆ. ನಿಮ್ಮದು ಮೂರು ದಿನದಲ್ಲಿ ಇಳಿದಿದೆ. ಮುಂದಿನ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಬೆಳವಣಿಗೆ ಸರಿಯಿದ್ದರೆ ಅದನ್ನೇ ನೆನೆದು ಕೊರಗಬೇಡಿ.

ಮತ್ತೆ ಜ್ವರ ಬಂದರೆ ಮಾತ್ರ ಕಷಾಯ ಕುಡಿದು ನಾಲ್ಕು ದಿನ ಕಾಯಬೇಡಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯನ್ನು ಬಸುರಿಯರೂ ತಗೊಳ್ಳಬಹುದು. ಅದು ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೇನ್ ತಂದು ನುಂಗಬೇಡಿ. ಕೂತಲ್ಲೇ ಏದುಸಿರು ಬಂದರೆ, ಆಕ್ಸಿಮೀಟರ್ 95ಕ್ಕಿಂತ ಕೆಳಗೆ ತೋರಿಸಿದರೆ, ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಚೊಚ್ಚಲು ಅಂದಿರಿ, ಹೆರಿಗೆಗೆ ತವರಿಗೇ ಹೋಗುತ್ತೀರೇನೋ. ಹಾಗಿದ್ದರೆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ನಿಮ್ಮ ತಾಯಿಗೂ ಒಂದು ಫ್ಲೂ ಸೂಜಿ ಹಾಕಿಸಿ. ಅತ್ತೆಯವರು ಒಪ್ಪಿದರೆ ಅವರಿಗೂ.