ಆ ಪುಟ್ಟ ಮ್ಯೂಸಿಯಂಗೆ ಖಂಡಿತ ಹೋಗಿ

ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: "ಹ್ಯೂಸ್ಟನ್‌ನಲ್ಲಿರುವ ಮಗಳು ಮಾರ್ಚ್‌ನಲ್ಲಿ ನಮ್ಮನ್ನು ನ್ಯೂ ಆರ್ಲಿಯನ್ಸ್‌ಗೆ ಕರೆದುಕೊಂಡು ಹೋಗುತ್ತಾಳಂತೆ. ಅಲ್ಲಿ ಕಪ್ಪು ಜನರ ಬ್ಯಾಕ್‌ಸ್ಟ್ರೀಟ್ ಕಲ್ಚರಲ್ ಮ್ಯೂಸಿಯಂ ನೋಡೋಣ ಅಂತಾಳೆ. ತೀರಾ ಚಿಕ್ಕದಂತೆ. ಅವರ ಚರಿತ್ರೆ ನಮಗೆ ಗೊತ್ತಿಲ್ಲ. ಹೊರಗಿನವರು ಸುಮ್ನೆ ಕಣ್ಣುಬಿಟ್ಟುಕೊಂಡು ನಿಂತರೆ ಮುಜುಗರ ಅಲ್ವಾ?"

ಹೋಗಿ ಬನ್ನಿ. ಚಿಕ್ಕದು ನಿಜ, ಆದರೆ ಅಲ್ಲಿರುವ ವಸ್ತುಗಳ ಒಡೆಯರು ಅದೇ ಬೀದಿಗಳ ಜನ. ಅದನ್ನು ಕಟ್ಟಿದ ಸಿಲ್ವೆಸ್ಟರ್ ಫ್ರಾನ್ಸಿಸ್ ಕೂಡ ಆ ಊರಿನವರೇ. ಮೆರವಣಿಗೆಯಲ್ಲಿ ತೆಗೆದ ತಮ್ಮದೇ ಫೋಟೋಗೆ ಒಬ್ಬ ಫೋಟೋಗ್ರಾಫರ್ ದುಡ್ಡು ಕೇಳಿದಾಗ ಅವರು ತಾವೇ ಕ್ಯಾಮೆರಾ ಕೊಂಡರು. ಊರಿನ ಮೆರವಣಿಗೆ, ಶವಯಾತ್ರೆಗಳನ್ನು ವರ್ಷಗಟ್ಟಲೆ ಚಿತ್ರೀಕರಿಸಿದರು. ಜನ ತೊಟ್ಟು ಬಿಟ್ಟ ಉಡುಪುಗಳನ್ನು ಗ್ಯಾರೇಜಿನಲ್ಲಿ ಕೂಡಿಟ್ಟರು. 1999ರಲ್ಲಿ ಟ್ರೆಮೇ ಬಡಾವಣೆಯ ಹಳೆಯ ಫ್ಯೂನರಲ್ ಹೋಮ್ (ಶವಸಂಸ್ಕಾರದ ಏರ್ಪಾಡು ಮಾಡುವ ಮನೆ) ಒಂದರಲ್ಲಿ ಮ್ಯೂಸಿಯಂ ತೆರೆದರು. 2020ರಲ್ಲಿ ತೀರಿಕೊಂಡರು. ಮರುವರ್ಷ ಐಡಾ ಚಂಡಮಾರುತಕ್ಕೆ ಕಟ್ಟಡ ಹಾಳಾಯಿತು. ಮಗಳು ಕೈಬಿಡಲಿಲ್ಲ. 2022ರಿಂದ ಅದು ಅದೇ ಬಡಾವಣೆಯ ಸೇಂಟ್ ಫಿಲಿಪ್ ಬೀದಿಯಲ್ಲಿದೆ. ಹಳೇ ವಿಳಾಸ ಹಿಡಿದು ಅಲೆಯಬೇಡಿ.

ಅಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾದದ್ದು ಮಾರ್ಡಿ ಗ್ರಾ ಇಂಡಿಯನ್ನರ ಉಡುಪಿನ ಮುಂದೆ. ಮಾರ್ಡಿ ಗ್ರಾ ಅಂದರೆ ಆ ಊರಿನ ಕಾರ್ನಿವಲ್ ಹಬ್ಬ; ಆಗ ಅಮೆರಿಕದ ಮೂಲನಿವಾಸಿಗಳ ವೇಷ ತೊಟ್ಟು ಬೀದಿಗಿಳಿಯುವ ಕಪ್ಪು ಜನರ ತಂಡಗಳಿವು. ಗರಿಗಳ ಅಬ್ಬರಕ್ಕೆ ಮರುಳಾಗಿ ಮುಂದೆ ಹೋಗಿಬಿಡಬೇಡಿ. ಎದೆಯ ಮೇಲಿನ ಪಟ್ಟಿಯನ್ನು ಹತ್ತಿರದಿಂದ ನೋಡಿ. ದೂರಕ್ಕೆ ಬಣ್ಣ ಬಳಿದ ಚಿತ್ರದ ಹಾಗೆ ಕಾಣುವುದು ಪೂರಾ ಮಣಿ ಕೆಲಸ. ದಪ್ಪ ಬಟ್ಟೆಗೆ ಸೂಜಿ ಚುಚ್ಚಿ ಚುಚ್ಚಿ ಕೂರಿಸಿದ ಮಣಿಗಳು. ಹೊಲಿಯುವವರಲ್ಲಿ ಗಂಡಸರೇ ಹೆಚ್ಚು. ದಿನದ ದುಡಿಮೆ ಮುಗಿಸಿ ಬಂದು, ವರ್ಷಪೂರ್ತಿ ಕೂತು ಹೊಲಿಯುತ್ತಾರೆ. ಮುಂದಿನ ವರ್ಷಕ್ಕೆ ಮತ್ತೆ ಹೊಸದೇ ಆಗಬೇಕು, ಅದು ಸಂಪ್ರದಾಯ. ತಪ್ಪಿಸಿಕೊಂಡು ಬಂದ ಗುಲಾಮರಿಗೆ ಆಸರೆ ಕೊಟ್ಟ ಅಮೆರಿಕದ ಮೂಲನಿವಾಸಿಗಳಿಗೆ ಸಲ್ಲಿಸುವ ಗೌರವ ಈ ವೇಷ ಎನ್ನುತ್ತಾರೆ ಅವರು.

ಮೆರವಣಿಗೆ ಕ್ಲಬ್ಬಿನವರು ಹೆಗಲಿಗೆ ಅಡ್ಡ ಹಾಕುವ ಬಟ್ಟೆಪಟ್ಟಿ, ಬೀಸಣಿಗೆಗಳೂ ಅಲ್ಲಿವೆ. ಬರೀ ಮೋಜಿನ ಕ್ಲಬ್ ಅಂದುಕೊಳ್ಳಬೇಡಿ. ವಿಮಾ ಕಂಪನಿಗಳು ಕಪ್ಪು ಜನರನ್ನು ಹತ್ತಿರ ಸೇರಿಸದಿದ್ದ ಕಾಲದಲ್ಲಿ ಕಾಯಿಲೆಗೆ, ಮಣ್ಣು ಮಾಡುವುದಕ್ಕೆ ಜನ ತಾವೇ ವಂತಿಗೆ ಎತ್ತಿ ಕಟ್ಟಿಕೊಂಡ ಸಂಘಗಳಿವು. ಸದಸ್ಯರು ತೀರಿಕೊಂಡರೆ ಬ್ಯಾಂಡ್ ನಿಧಾನವಾದ ಭಕ್ತಿಗೀತೆ ನುಡಿಸುತ್ತಾ ಹೊರಡುತ್ತದೆ. ದೇಹವನ್ನು ಬೀಳ್ಕೊಟ್ಟ ಮೇಲೆ ತಾಳ ಜೋರಾಗುತ್ತದೆ. ಹಿಂದೆ ಬರುವ ಜನ ಕುಣಿಯುತ್ತಾರೆ.

ಇನ್ನು, ಅವರ ಚರಿತ್ರೆ ಗೊತ್ತಿಲ್ಲ ಅಂದಿರಲ್ಲ. ಶಿರಸಿಯಿಂದ ಯಲ್ಲಾಪುರ ಎಷ್ಟು ದೂರ? ನಿಮ್ಮ ಜಿಲ್ಲೆಯ ಸಿದ್ದಿಗಳ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು ನಿಮ್ಮ ಕಾಡು ಸೇರಿದರು. ಅವರ ಡಮಾಮಿ ವಾದ್ಯದ ಸದ್ದು ನೀವು ಕೇಳಿರಬಹುದು. ಟ್ರೆಮೇಯಲ್ಲೇ ಇರುವ ಕಾಂಗೋ ಸ್ಕ್ವೇರ್‌ನಲ್ಲೂ ಭಾನುವಾರಗಳಂದು ಗುಲಾಮರು ಸೇರಿ ಡೋಲು ಬಾರಿಸುತ್ತಿದ್ದರು. ಮ್ಯೂಸಿಯಂನವರ ಹತ್ತಿರ ಸಿದ್ದಿಗಳ ಬಗ್ಗೆ ಹೇಳಿ, ಮಾತಿಗೆ ದಾರಿಯಾಗುತ್ತದೆ. ಈ ಉಡುಪು ಯಾರದು, ಅವರು ಈಗೆಲ್ಲಿದ್ದಾರೆ ಅಂತ ಕೇಳಿ. ಕೇಳುವವರಿಗೆ ಮುಜುಗರ ಇರುವುದಿಲ್ಲ, ಬರೀ ಫೋಟೋ ಹೊಡೆದುಕೊಂಡು ಹೊರಡುವವರಿಗಷ್ಟೇ ಅದು.

ನೀವು ಹೋಗುವುದು ಮಾರ್ಚ್‌ನಲ್ಲಿ ಅನ್ನುವುದೇ ನನಗೆ ಖುಷಿ. ಮಾರ್ಚ್ 19, ಸೇಂಟ್ ಜೋಸೆಫ್ ಹಬ್ಬದ ರಾತ್ರಿ ಈ ತಂಡಗಳು ಬೀದಿಗಿಳಿಯುತ್ತವೆ. ಅದರ ಆಸುಪಾಸಿನ ಭಾನುವಾರ, 'ಸೂಪರ್ ಸಂಡೇ', ಹಗಲು ಬೆಳಕಿನಲ್ಲೇ ಬರುತ್ತವೆ. ಮಳೆ ಬಂದರೆ ಅದು ಮುಂದಕ್ಕೆ ಹೋಗುವುದುಂಟು. ಹಾಗಾಗಿ ವಾಪಸ್ ಟಿಕೆಟ್ ಮಾಡಿಸುವ ಮೊದಲು ಒಂದೆರಡು ದಿನ ಜಾಸ್ತಿ ಇಟ್ಟುಕೊಳ್ಳಲು ಮಗಳಿಗೆ ಹೇಳಿ.