‘ಆಸಕ್ತಿ ಇಲ್ಲ’ ಅನ್ನುವ ಮೊದಲು ಮಗು ಓದುವುದನ್ನು ಕೇಳಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ವಿರಾಜಪೇಟೆಯಿಂದ ಬಂದದ್ದೂ ಅದೇ, ಶನಿವಾರಸಂತೆಯಿಂದ ಬಂದದ್ದೂ ಅದೇ. ಆರು, ಏಳು, ಎಂಟನೇ ತರಗತಿಯ ಮಕ್ಕಳಿಗೆ ಓದಿನಲ್ಲಿ ಆಸಕ್ತಿ ಇಲ್ಲ, ಏನು ಮಾಡೋಣ? ಹಿಂದೆಯೂ ಉತ್ತರ ಕೊಟ್ಟಿದ್ದೇನೆ. ಮತ್ತೆ ಮತ್ತೆ ಬರುತ್ತಿದೆ ಅಂದರೆ ಇನ್ನೂ ಬಿಡಿಸಿ ಹೇಳಬೇಕು. ಹಾಗಾಗಿ ಜಾಗದ ಬಹುಪಾಲು ಅದಕ್ಕೇ. ಉಳಿದವಕ್ಕೆ ಚಿಕ್ಕ ಉತ್ತರ ಸಾಕು.

ಪ್ರಶ್ನೆ: ಸೋಮವಾರಪೇಟೆ ಕಡೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಏಳನೇ ತರಗತಿಯಲ್ಲಿ 26 ಮಕ್ಕಳಿದ್ದಾರೆ. ಒಬ್ಬೊಬ್ಬರನ್ನೇ ಎಬ್ಬಿಸಿ ಪಾಠ ಓದಿಸುತ್ತೇನೆ. ನಾಲ್ಕೈದು ಜನ ಓದುತ್ತಾರೆ, ಉಳಿದವರು ಕಿಟಕಿ ಕಡೆ ನೋಡುತ್ತಾರೆ. ಓದಿದ ಪುಸ್ತಕಕ್ಕೊಂದು ಸ್ಟಾರ್, ಹತ್ತು ಸ್ಟಾರಿಗೆ ಒಂದು ಪೆನ್ನು ಅಂತ ಮಾಡಿದೆ. ಒಂದು ತಿಂಗಳು ನಡೆದು ನಿಂತುಹೋಯಿತು. ಇನ್ನೇನು ಕೊಟ್ಟರೆ ಓದುತ್ತಾರೆ?

ಏನೂ ಕೊಡಬೇಡಿ. ಮೊದಲು ಅವರು ಓದುವುದನ್ನು ಕೇಳಿ.

ತರಗತಿಯಲ್ಲಿ ಎಲ್ಲರ ಮುಂದೆ ಬೇಡ. ಮಧ್ಯಾಹ್ನ ಊಟ ಮುಗಿದ ಮೇಲೆ ಜಗಲಿಯಲ್ಲೋ ಖಾಲಿ ಕೋಣೆಯಲ್ಲೋ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾಲ್ಕನೇ ತರಗತಿಯ ಪುಸ್ತಕದಿಂದ ನೂರು ಪದದಷ್ಟು ಭಾಗ ಕೊಡಿ. ಓದಲಿ. ಮಧ್ಯೆ ತಿದ್ದಬೇಡಿ, ಪೆನ್ಸಿಲಿನಲ್ಲಿ ಗುರುತು ಮಾತ್ರ ಹಾಕಿಕೊಳ್ಳಿ. ಆಮೇಲೆ ‘ಇದರಲ್ಲಿ ಏನಾಯ್ತು ಹೇಳು’ ಅನ್ನಿ. ಒಬ್ಬರಿಗೆ ಐದು ನಿಮಿಷ ಸಾಕು. ದಿನಕ್ಕೆ ಇಬ್ಬರಂತೆ ಕೇಳಿದರೂ ಮೂರು ವಾರದೊಳಗೆ ಇಡೀ ತರಗತಿ ಮುಗಿಯುತ್ತದೆ. ‘ಸಮಯ ಎಲ್ಲಿದೆ’ ಅನ್ನುವವರಿಗೆ ನನ್ನಲ್ಲಿ ಬೇರೆ ಉತ್ತರವಿಲ್ಲ. ಈ ಐದು ನಿಮಿಷ ಕೊಡದೆ ವರ್ಷಪೂರ್ತಿ ಪಾಠ ಮಾಡಿದರೆ ಆ ಸಮಯವೆಲ್ಲ ದಂಡ.

ಕೇಳಿದರೆ ನಿಮ್ಮ ‘ಆಸಕ್ತಿ ಇಲ್ಲದ’ ಮಕ್ಕಳು ಮೂರು ಥರ ಇದ್ದಾರೆ ಎಂದು ತಿಳಿಯುತ್ತದೆ.

ಮೊದಲನೆಯವರಿಗೆ ಅಕ್ಷರವೇ ಪೂರ್ತಿ ಬಂದಿಲ್ಲ. ನಂಬಲು ಕಷ್ಟ, ಆದರೆ ಏಳನೇ ತರಗತಿಯಲ್ಲಿ ಇಂಥವರು ಇರುತ್ತಾರೆ. ಕ, ಗ, ಮ ಗೊತ್ತು. ಒತ್ತಕ್ಷರ ಬಂದರೆ ನಿಲ್ಲುತ್ತಾರೆ. ‘ಸೂರ್ಯ’ ಎಂದಿದ್ದರೆ ಅರ್ಕಾವೊತ್ತು ನೋಡಿ ‘ಸೂಯ್ರ’ ಅನ್ನುತ್ತಾರೆ. ಇದು ದಡ್ಡತನ ಅಲ್ಲ. ಕನ್ನಡದಲ್ಲಿ ವರ್ಣಮಾಲೆ ಚಿಕ್ಕದು, ಆದರೆ ಕಾಗುಣಿತ, ಒತ್ತು ಎಲ್ಲ ಸೇರಿದರೆ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಇಂಗ್ಲಿಷ್ ಅಕ್ಷರ ಬೇಗ ಮುಗಿಯುತ್ತದೆ, ನಮ್ಮ ಅಕ್ಷರ ಕಲಿಕೆ ನಾಲ್ಕನೇ ತರಗತಿವರೆಗೂ ಎಳೆಯುತ್ತದೆ. ನಾವು ಮೂರನೇ ತರಗತಿಗೇ ‘ಅಕ್ಷರ ಮುಗೀತು’ ಎಂದು ಕೈ ತೊಳೆದುಕೊಂಡಿರುತ್ತೇವೆ.

ಎರಡನೆಯವರಿಗೆ ಅಕ್ಷರ ಬರುತ್ತದೆ, ವೇಗ ಇಲ್ಲ. ‘ಹೋಗಬೇಕಾಗಿದ್ದರಿಂದ’ ಎಂಬಂಥ ಪದದ ಅರ್ಧ ಓದಿ, ಬಾಲವನ್ನು ಊಹಿಸಿಬಿಡುತ್ತಾರೆ. ಅಷ್ಟರಲ್ಲಿ ವಾಕ್ಯದ ಶುರುವಿನಲ್ಲಿ ಏನಿತ್ತು ಎಂಬುದು ಮರೆತಿರುತ್ತದೆ. ಇಷ್ಟು ದಣಿವಾಗುವ ಕೆಲಸವನ್ನು ಯಾರು ಇಷ್ಟಪಟ್ಟು ಮಾಡುತ್ತಾರೆ ಹೇಳಿ?

ಮೂರನೆಯವರು ಸರಾಗವಾಗಿ ಓದುತ್ತಾರೆ, ಕೇಳಿದರೆ ಏನೂ ಹೇಳುವುದಿಲ್ಲ. ಒಂದೋ ವಿಷಯ ಅವರಿಗೆ ಸಂಬಂಧ ಇಲ್ಲದ್ದು, ಇಲ್ಲವೋ ಓದುವುದು ಎಂದರೆ ಬಾಯಿಂದ ಶಬ್ದ ಹೊರಡಿಸುವುದು ಎಂದೇ ಕಲಿತಿದ್ದಾರೆ. ನಿಜವಾಗಿ ಆಸಕ್ತಿಯ ಪ್ರಶ್ನೆ ಬರುವುದು ಇವರ ವಿಷಯದಲ್ಲಿ ಮಾತ್ರ.

ನೂರರಲ್ಲಿ ಹತ್ತಕ್ಕಿಂತ ಜಾಸ್ತಿ ಪದ ತಪ್ಪಿದರೆ ಆ ಪುಸ್ತಕ ಆ ಮಗುವಿಗೆ ಕಷ್ಟ. 95 ಸರಿ ಬಂದರೆ ಟೀಚರ್ ಜೊತೆ ಕೂತು ಓದಬಹುದು. ಒಬ್ಬರೇ ಕೂತು ಓದಲು 99ರ ಹತ್ತಿರ ಬರಬೇಕು. ಈ ಲೆಕ್ಕ ಇಂಗ್ಲಿಷ್ ಓದಿಗಾಗಿ 1946ರಲ್ಲಿ ಎಮೆಟ್ ಬೆಟ್ಸ್ ಹೇಳಿದ್ದು. ನಮ್ಮ ಪದಗಳು ಉದ್ದ, ಹಾಗಾಗಿ ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಅಂದಾಜೇ ಆದರೂ ಏಳನೇ ತರಗತಿಯ ಪಠ್ಯ ನಿಮ್ಮಲ್ಲಿ ಎಷ್ಟು ಮಕ್ಕಳ ಕೈಗೆ ಎಟುಕುತ್ತಿಲ್ಲ ಎಂದು ಗೊತ್ತಾಗುತ್ತದೆ.

ಇನ್ನು ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸುವುದು. ದಯವಿಟ್ಟು ನಾಳೆಯೇ ನಿಲ್ಲಿಸಿ. ಹನ್ನೆರಡು ವರ್ಷದ ಮಗುವಿಗೆ ಗೆಳೆಯರ ಮುಂದೆ ತಡವರಿಸುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅದು ತಪ್ಪಿಸಿಕೊಳ್ಳಲು ತುಂಟತನ ಮಾಡುತ್ತದೆ, ಪುಸ್ತಕ ಮರೆತು ಬರುತ್ತದೆ, ಹೊಟ್ಟೆನೋವು ಅನ್ನುತ್ತದೆ. ನಾವು ಅದಕ್ಕೆ ‘ಆಸಕ್ತಿ ಇಲ್ಲ’ ಎಂದು ಹೆಸರಿಡುತ್ತೇವೆ. ಒಬ್ಬ ಓದುವಾಗ ಉಳಿದ 25 ಮಕ್ಕಳು ಓದುತ್ತಿರುವುದಿಲ್ಲ, ತಮ್ಮ ಸರದಿಯ ಪ್ಯಾರಾ ಯಾವುದು ಎಂದು ಎಣಿಸುತ್ತಿರುತ್ತಾರೆ. ಬದಲಿಗೆ ನೀವೇ ಓದಿ. ದಿನಾ ಹತ್ತು ನಿಮಿಷ ಒಂದು ಒಳ್ಳೆಯ ಕಥೆಯನ್ನು ದನಿ ಏರಿಳಿಸಿ ಓದಿ. ಪ್ರಶ್ನೆ ಕೇಳಬೇಡಿ, ನೀತಿ ಹೇಳಬೇಡಿ, ಮುಂದೇನು ಎಂದು ಕೇಳುವ ಹೊತ್ತಿಗೆ ನಿಲ್ಲಿಸಿ. ಏಳನೇ ತರಗತಿಯವರು ಕಥೆ ಕೇಳುವ ವಯಸ್ಸು ದಾಟಿದ್ದಾರೆ ಎಂದು ನಿಮಗೆ ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಅದು ಸುಳ್ಳು.

ಓದಲು ಬಾರದ ದೊಡ್ಡ ಮಕ್ಕಳಿಗೆ ಸುಲಭ ಪುಸ್ತಕ ಕೊಡಬೇಕು. ಆದರೆ ಎಲ್ಲರ ಎದುರು ಎರಡನೇ ತರಗತಿ ಪುಸ್ತಕ ಕೈಗಿಟ್ಟರೆ ಮಗು ನಿಮ್ಮನ್ನು ಕ್ಷಮಿಸುವುದಿಲ್ಲ. ಇದಕ್ಕೆ ನಾನು ಬಲ್ಲ ಅತ್ಯುತ್ತಮ ದಾರಿ ಒಂದಿದೆ. ಶುಕ್ರವಾರ ಒಂದನೇ ತರಗತಿಯ ಮಕ್ಕಳಿಗೆ ಕಥೆ ಓದಿ ಹೇಳುವ ಕೆಲಸವನ್ನು ಈ ಮಕ್ಕಳಿಗೇ ಕೊಡಿ. ಈಗ ಸುಲಭ ಪುಸ್ತಕ ಹಿಡಿಯುವುದಕ್ಕೆ ಮರ್ಯಾದೆಯ ಕಾರಣ ಸಿಕ್ಕಿತು. ವಾರವಿಡೀ ಅದೇ ಪುಸ್ತಕ ನಾಲ್ಕೈದು ಸಲ ಓದಿ ತಯಾರಾಗುತ್ತಾರೆ. ಒಂದೇ ಭಾಗವನ್ನು ಹೀಗೆ ಮರಳಿ ಮರಳಿ ಓದಿದರೆ ವೇಗ ಬರುತ್ತದೆ, ಇದು ಚೆನ್ನಾಗಿ ಪರೀಕ್ಷೆಯಾದ ವಿಧಾನ. ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಓದಿನ ಹಂತಕ್ಕೆ ತಕ್ಕಂತೆ ಉಚಿತವಾಗಿ ಸಿಗುತ್ತವೆ, ಪ್ರಿಂಟ್ ತೆಗೆದು ಹೊಲಿದುಕೊಳ್ಳಿ. ಜೊತೆಗೆ ದಿನಾ ಹದಿನೈದು ನಿಮಿಷ ಒತ್ತಕ್ಷರ, ಕಾಗುಣಿತ. ಇದಕ್ಕೆ ಅಡ್ಡದಾರಿ ಇಲ್ಲ.

ಈಗ ವಿಷಯದ ಮಾತು. 1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅಮೆರಿಕದ ಏಳು, ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದು ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ನಮ್ಮ ಕೊಡಗಿನಲ್ಲಿ ಇದಕ್ಕೆ ಬೇಸ್‌ಬಾಲ್ ಯಾಕೆ ಬೇಕು? ಹಾಕಿ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ದೊಡ್ಡದಾಗುತ್ತಲೇ ಬಂತು. 2024ರಲ್ಲಿ ಅದೇ ಹಬ್ಬವಾಗಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯೂ ಆಯಿತು. ಆ ಪಂದ್ಯಗಳ ವರದಿ ‘ಶಕ್ತಿ’ ಪತ್ರಿಕೆಯಲ್ಲಿ ಬರುತ್ತದೆ. ಹಾಕಿ ಹಬ್ಬದ ಹೊತ್ತಿಗೆ ಪರೀಕ್ಷೆ, ರಜೆ ಇರುತ್ತವೆ, ಆದ್ದರಿಂದ ಕತ್ತರಿಸಿ ಇಟ್ಟುಕೊಂಡು ಜೂನ್‌ನಲ್ಲಿ ಕೊಡಿ. ಪೆನಾಲ್ಟಿ ಕಾರ್ನರ್ ಗೊತ್ತಿರುವ ಹುಡುಗ ಆ ವರದಿಯ ಉದ್ದ ವಾಕ್ಯವನ್ನೂ ದಾಟುತ್ತಾನೆ. ಆದರೆ ಎಲ್ಲ ಮಕ್ಕಳಿಗೂ ಹಾಕಿ ಹಿಡಿಸುತ್ತದೆ ಅಂದುಕೊಳ್ಳಬೇಡಿ. ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬರುವ ಹುಡುಗಿಗೆ ತೋಟಕ್ಕೆ ಆನೆ ಬಂದ ಸುದ್ದಿ, ಕಾಫಿ ಕುಯ್ಲಿನ ಕೂಲಿಯ ಸುದ್ದಿ ಹತ್ತಿರ. ಏನು ಗೊತ್ತು ಎಂದು ಅವಳನ್ನೇ ಕೇಳಿ. ಹೀಗೆ ಗೊತ್ತಿರುವುದರಿಂದ ಶುರು ಮಾಡಿ, ವರ್ಷದ ಕೊನೆಗೆ ಗೊತ್ತಿಲ್ಲದ್ದರ ಕಡೆ ಕರೆದೊಯ್ಯಿರಿ. ಹಾಕಿಯಲ್ಲೇ ನಿಲ್ಲಿಸಿದರೆ ಅದು ನಿಮ್ಮ ಸೋಮಾರಿತನ.

ಐದಾರು ಪುಸ್ತಕ ಮುಂದಿಟ್ಟು ಆರಿಸಿಕೊಳ್ಳಲು ಬಿಡಿ. ಇಪ್ಪತ್ತು ಪುಟ ಓದಿ ಬೇಡ ಅನಿಸಿದರೆ ವಾಪಸ್ ಇಡಲಿ, ಬೈಯಬೇಡಿ. ಓದಿದ್ದಕ್ಕೆಲ್ಲ ಸಾರಾಂಶ ಬರೆಸುವುದನ್ನೂ ಬಿಡಿ. ಇದನ್ನು ನಿನ್ನ ಯಾವ ಗೆಳೆಯನಿಗೆ ಕೊಡ್ತೀಯಾ, ಯಾಕೆ? ಇಷ್ಟು ಕೇಳಿದರೆ ಸಾಕು, ಓದಿದ್ದಾನೋ ಇಲ್ಲವೋ ತಿಳಿಯುತ್ತದೆ.

ಪುಸ್ತಕ ಎಲ್ಲಿದೆ ಅನ್ನುತ್ತೀರಾ? ಹೆಡ್‌ಮಾಸ್ಟರ್ ಕೋಣೆಯ ಬೀರುವಿನಲ್ಲಿದೆ, ಬೀಗ ಹಾಕಿ. ಹರಿದರೆ ಆಡಿಟ್‌ನಲ್ಲಿ ಕೇಳುತ್ತಾರೆ ಎಂಬ ಭಯ. ಇದು ನನಗೆ ಅತ್ಯಂತ ಸಿಟ್ಟು ತರಿಸುವ ವಿಷಯ. ನಮ್ಮ ಮಳೆಗಾಲದಲ್ಲಿ ಮುಚ್ಚಿಟ್ಟ ಪುಸ್ತಕಕ್ಕೇ ಬೂಷ್ಟು ಬೇಗ ಹಿಡಿಯುವುದು. ಓದಿ ಹರಿದರೆ ಅದು ಸಾರ್ಥಕ, ಬೂಷ್ಟು ಬಂದು ಹಾಳಾದರೆ ಯಾರಿಗೆ ಲಾಭ? ಜುಲೈನಲ್ಲಿ ಮಳೆ ರಜೆ ಘೋಷಣೆಯಾಗುವ ಮೊದಲೇ ಪ್ರತಿ ಮಗುವಿಗೂ ಎರಡು ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸಿ. ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ ಅನ್ನುವ ಆ ದಿನಗಳಿಗಿಂತ ಓದಲು ಒಳ್ಳೆಯ ಕಾಲ ಯಾವುದಿದೆ? ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೂ ಮಕ್ಕಳ ಹೆಸರು ನೋಂದಾಯಿಸಿ.

ಕೊನೆಗೆ ನಿಮ್ಮ ಸ್ಟಾರು, ಪೆನ್ನು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸುವುದು ಇಷ್ಟವಿದ್ದ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಬಿಡಿಸಿದರೆ ಬಹುಮಾನ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ಚಿತ್ರ ಬಿಡಿಸುವುದನ್ನೇ ಕಡಿಮೆ ಮಾಡಿದರು. ಮೊದಲೇ ಹೇಳದೆ ಬಹುಮಾನ ಸಿಕ್ಕ ಮಕ್ಕಳಲ್ಲಿ ಹಾಗಾಗಲಿಲ್ಲ. ನಿಮ್ಮ ತರಗತಿಯಲ್ಲಿ ಸ್ಟಾರಿಗಾಗಿ ಓದಿದವರು ಯಾರು? ಮೊದಲೇ ಓದುತ್ತಿದ್ದ ಆ ನಾಲ್ಕೈದು ಜನ ಅಲ್ವಾ? ಓದಲು ಬಾರದವರಿಗೆ ಆ ಗೋಡೆಯ ಪಟ್ಟಿ ದಿನಾ ‘ನಿನಗೆ ಬರಲ್ಲ’ ಎಂದು ಹೇಳುತ್ತಿತ್ತು. ತೆಗೆದುಬಿಡಿ. ಏನಾದರೂ ಕೊಡಲೇಬೇಕು ಅನಿಸಿದರೆ, ಹೇಳದೆ ಒಂದು ಪುಸ್ತಕ ಕೊಡಿ.

ಪ್ರಶ್ನೆ: ಮನೆಯಲ್ಲಿ ಕೊಡವ ತಕ್ಕ್ ಮಾತಾಡುತ್ತೇವೆ. ಮಗಳ ಓದು ಹಿಂದೆ ಬೀಳುವುದು ಅದಕ್ಕೇ, ಮನೆಯಲ್ಲೂ ಕನ್ನಡ ಮಾತಾಡಿ ಎಂದು ಶಾಲೆಯಲ್ಲಿ ಹೇಳಿದರು. ನಿಲ್ಲಿಸಬೇಕಾ? (ಪೊನ್ನಂಪೇಟೆ)

ಖಂಡಿತ ನಿಲ್ಲಿಸಬೇಡಿ. ಹಾಗೆ ಹೇಳಿದವರು ತಪ್ಪು ಹೇಳಿದ್ದಾರೆ. ಮನೆ ಮಾತಿನಲ್ಲಿ ಕಥೆ ಕೇಳಿ, ಜಗಳ ಆಡಿ, ಕಾರಣ ಕೊಟ್ಟು ಬೆಳೆದ ಮಗುವಿಗೆ ಓದಿದ್ದನ್ನು ಯೋಚಿಸುವ ಶಕ್ತಿ ಮೊದಲೇ ಬಂದಿರುತ್ತದೆ. ಕೊಡವ ತಕ್ಕಾಗಲಿ ಅರೆಭಾಷೆಯಾಗಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಅಜ್ಜಿ ಹೇಳಿದ ಕಥೆಯನ್ನು ಮಗಳು ಅದೇ ಮಾತಿನಲ್ಲಿ ಬರೆಯಲಿ, ತಾನೇ ಓದಲಿ, ಆಮೇಲೆ ಕನ್ನಡದಲ್ಲಿ ಬರೆಯಲಿ. ಶಿಕ್ಷಕರಿಗೂ ಒಂದು ಮಾತು: ಕನ್ನಡ ಪಾಠದ ಬಗ್ಗೆ ಮಕ್ಕಳು ತಮ್ಮ ತಮ್ಮ ಮಾತಿನಲ್ಲಿ ಚರ್ಚೆ ಮಾಡಲು ಬಿಡಿ. ಯರವ, ಜೇನುಕುರುಬ ಮಕ್ಕಳ ಮಾತನ್ನು ಕೇಳಿ ತರಗತಿ ನಕ್ಕರೆ ಆ ನಗುವನ್ನು ಅಲ್ಲೇ ತಡೆಯಿರಿ. ಒಮ್ಮೆ ಬಾಯಿ ಮುಚ್ಚಿದ ಮಗುವನ್ನು ಮತ್ತೆ ಮಾತಾಡಿಸಲು ತಿಂಗಳುಗಟ್ಟಲೆ ಬೇಕು.

ಪ್ರಶ್ನೆ: ಕಣ್ಣಿಗೆ ಪಟ್ಟಿ ಕಟ್ಟಿ ಓದಿಸುವ ‘ಮಿಡ್‌ಬ್ರೇನ್ ಆಕ್ಟಿವೇಷನ್’ ಶಿಬಿರ ಕುಶಾಲನಗರದಲ್ಲಿ ನಡೆಯುತ್ತಿದೆ. ಸೇರಿಸಲೇ?

ಮೋಸ. ಮೂಗಿನ ಪಕ್ಕದ ಸಂದಿಯಿಂದ ನೋಡಿ ಓದುತ್ತಾರೆ. ಮಗುವಿಗೆ ಅಲ್ಲಿ ಕಲಿಸುವುದು ಸುಳ್ಳು ಹೇಳುವುದನ್ನು. ಆ ದುಡ್ಡಿಗೆ ಪುಸ್ತಕ ತಂದುಕೊಡಿ.

ಪ್ರಶ್ನೆ: ನನ್ನ ಮಗ ‘ವಿಷುವಲ್ ಲರ್ನರ್’ (ನೋಡಿ ಕಲಿಯುವವನು) ಅಂತೆ, ಓದು ಬೇಡ, ವಿಡಿಯೊ ಸಾಕು ಅನ್ನುತ್ತಾರೆ. ನಿಜವೇ?

ಅಲ್ಲ. ಕಲಿಯುವ ಶೈಲಿಗೆ ತಕ್ಕಂತೆ ಕಲಿಸಿದರೆ ಲಾಭ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದು 2008ರಲ್ಲೇ ಹೆರಾಲ್ಡ್ ಪ್ಯಾಶ್ಲರ್ ತಂಡ ಪರಿಶೀಲಿಸಿ ಬರೆದಿದೆ. ಓದು ಕಲಿಯದಿರಲು ಇದು ನೆಪವಾಗಬಾರದು.

ಪ್ರಶ್ನೆ: ಎಂಟನೇ ತರಗತಿಯ ಮಗ ಬರೀ ಕಾಮಿಕ್ಸ್ ಓದುತ್ತಾನೆ.

ಓದಲಿ ಬಿಡಿ.

ಪ್ರಶ್ನೆ: ಆರನೇ ತರಗತಿಯ ಮಗನಿಗೆ ಓದು ಬರುತ್ತಿಲ್ಲ. ಮಾತಿನಲ್ಲಿ, ಲೆಕ್ಕದಲ್ಲಿ ಚುರುಕು. ಡಿಸ್‌ಲೆಕ್ಸಿಯಾ (ಓದು ಕಲಿಯಲು ಅಡ್ಡಿಯಾಗುವ ಕಲಿಕಾ ತೊಂದರೆ) ಇರಬಹುದು, ಬಣ್ಣದ ಕನ್ನಡಕ ಹಾಕಿದರೆ ಸರಿಯಾಗುತ್ತದೆ ಎಂದು ಒಬ್ಬರು ಹೇಳಿದರು. (ಸಿದ್ದಾಪುರ)

ಬಣ್ಣದ ಕನ್ನಡಕದಿಂದ ಡಿಸ್‌ಲೆಕ್ಸಿಯಾ ಸರಿಯಾಗುವುದಿಲ್ಲ. ಜ್ಞಾಪಕಶಕ್ತಿಯ ಟಾನಿಕ್‌ನಿಂದಲೂ ಆಗುವುದಿಲ್ಲ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿದರೂ ಆಗುತ್ತದೆ. ಅದು ಸರಿ ಇದ್ದರೆ ಮೇಲೆ ಹೇಳಿದ ಹಾಗೆ ಒತ್ತಕ್ಷರದ ಅಭ್ಯಾಸ ಮೂರು ತಿಂಗಳು ತಪ್ಪದೆ ಮಾಡಿಸಿ. ಅಷ್ಟಾದರೂ ಹಿಡಿತ ಬರದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ಕಲಿಕಾ ತೊಂದರೆಯ ಪರೀಕ್ಷೆ ಅಲ್ಲಿ ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯದಂಥ ರಿಯಾಯಿತಿ ಕೇಳಬಹುದು. ಮೂರು ತಿಂಗಳಾದ ಮೇಲೂ ಹಾಗೇ ಇದ್ದರೆ ಹತ್ತನೇ ತರಗತಿವರೆಗೆ ಕಾಯಬೇಡಿ, ಆಗಲೇ ಹೋಗಿ. ಹೋಗುವಾಗ ಮಗನ ಹಳೆಯ ಕನ್ನಡ ನೋಟ್‌ಬುಕ್, ಉತ್ತರ ಪತ್ರಿಕೆಗಳನ್ನು ಜೊತೆಗೆ ಒಯ್ಯಿರಿ. ಅವನು ಎಲ್ಲಿ, ಹೇಗೆ ತಪ್ಪುತ್ತಾನೆ ಎಂದು ಅಲ್ಲಿನವರಿಗೆ ಅವೇ ತೋರಿಸುತ್ತವೆ.